ಎರಡು ಕೊಳಗ: ಕಾಗೋಡು ಗೇಣಿ ಪ್ರಕರಣ, 1951

ನಮ್ಮನೆ ಅಟ್ಟದ ಮೇಲೆ ಎರಡು ಕೊಳಗ ಇವೆ, ಭತ್ತ ಅಳೆಯುವ ಪಾತ್ರೆ. ಎರಡೂ ಮರದವು, ಹೊಗೆ ಹಿಡಿದು ಕಪ್ಪಾದವು. ಒಂದರ ಬಾಯಿಗೆ ಎರಡು ಬೆರಳಗಲದ ಕಬ್ಬಿಣದ ಪಟ್ಟಿ. ಬಾಯಿ ಸವೆಯದಿರಲಿ ಅಂತ ಹಾಕಿಸಿದ್ದು ಎಂದು ಅಜ್ಜಿ ಹೇಳುತ್ತಿದ್ದಳು. ಹೆಂಚು ಬದಲಾಯಿಸುವಾಗ ಅಟ್ಟದ ಸಾಮಾನು ಇಳಿಸಿದೆವು. ಕೈಯಲ್ಲಿ ಕೆಲಸ ಇರಲಿಲ್ಲ, ಸುಮ್ನೆ ನೋಡೋಣ ಅಂತ ಪಟ್ಟಿ ಇದ್ದ ಕೊಳಗಕ್ಕೆ ಅಕ್ಕಿ ತುಂಬಿ ಇನ್ನೊಂದಕ್ಕೆ ಸುರಿದೆ. ಅದು ತುಂಬಿತು. ಮೇಲೆ ಎರಡು ಬೊಗಸೆ ಅಕ್ಕಿ ನೆಲಕ್ಕೆ ಬಿತ್ತು.

ನಮ್ಮದು ಸಾಗರ ಸೀಮೆಯ ಹವ್ಯಕ ಬ್ರಾಹ್ಮಣರ ಮನೆ. ಸಣ್ಣ ಅಡಿಕೆ ತೋಟ. ತೋಟದ ಕೆಳಗಿನ ಮೂರು ಎಕರೆ ಗದ್ದೆಯನ್ನು ಅಜ್ಜ ಒಂದು ದೀವರ ಮನೆಗೆ ಗೇಣಿಗೆ ಕೊಟ್ಟಿದ್ದ. ಉಳುವುದು ಅವರು, ಬೆಳೆದದ್ದರಲ್ಲಿ ಗೊತ್ತಾದಷ್ಟು ಭತ್ತ ನಮಗೆ. ಆ ಗದ್ದೆ ‘ಡಿಕ್ಲೇರೇಶನ್ನಲ್ಲಿ ಹೋಯ್ತು’, ಅಂದರೆ ಉಳುವವನು ಸರ್ಕಾರಕ್ಕೆ ಅರ್ಜಿ ಹಾಕಿ ಅದು ಅವನದಾಯಿತು. ಮನೆಯಲ್ಲಿ ಈ ಮಾತನ್ನು ಯಾರೋ ತೀರಿಹೋದ ಸುದ್ದಿಯ ಹಾಗೆ ದನಿ ತಗ್ಗಿಸಿ ಹೇಳುತ್ತಿದ್ದರು. ಅದೇ ಗದ್ದೆಯ ಆಚೆ ದಡದ ಮನೆಯಲ್ಲಿ ಅದೇ ವಿಷಯವನ್ನು ‘ಡಿಕ್ಲೇರೇಶನ್ನಲ್ಲಿ ಬಂತು’ ಅನ್ನುತ್ತಿದ್ದರು. ನಾನು ಎರಡೂ ಮನೆಯಲ್ಲಿ ಆಡಿ ಬೆಳೆದವನು. ಹೋಯ್ತು, ಬಂತು ಎರಡೂ ಒಂದೇ ಗದ್ದೆಯ ಮಾತು ಅಂತ ತಲೆಗೆ ಹೋಗಲು ನನಗೆ ಹೈಸ್ಕೂಲು ಬೇಕಾಯಿತು.

ಈ ಎರಡು ಬೊಗಸೆ ಅಕ್ಕಿಯ ಸಲುವಾಗಿ ನಮ್ಮದೇ ತಾಲ್ಲೂಕಿನ ಕಾಗೋಡು ಎಂಬ ಊರಿನಲ್ಲಿ 1951ರಲ್ಲಿ ಜನ ಜೈಲಿಗೆ ಹೋಗಿದ್ದರು. ಸ್ವತಂತ್ರ ಭಾರತದ ಮೊದಲ ರೈತ ಸತ್ಯಾಗ್ರಹ ಅಂತ ಅದನ್ನು ಕರೆಯುವವರಿದ್ದಾರೆ. ಮೊದಲನೆಯದೋ ಹತ್ತನೆಯದೋ, ಆ ಪಂದ್ಯ ನನಗೆ ಮುಖ್ಯ ಅನಿಸಿಲ್ಲ. ನನ್ನನ್ನು ಕಾಡಿದ್ದು ಬೇರೆ. ತಲೆಮಾರುಗಳಿಂದ ತಲೆ ತಗ್ಗಿಸಿ ಭತ್ತ ಅಳೆದುಕೊಟ್ಟ ಜನ ಒಂದು ಪಾತ್ರೆಯ ಗಾತ್ರಕ್ಕೆ ಯಾಕೆ ತಿರುಗಿ ನಿಂತರು? ಗೇಣಿ ಕೊಡುವುದಿಲ್ಲ ಅಂತ ಅವರು ಮೊದಲಿಗೆ ಹೇಳಲಿಲ್ಲ. ಜಮೀನು ನಮ್ಮದು ಅಂತಲೂ ಹೇಳಲಿಲ್ಲ. ಕೊಳಗ ಸರಿ ಇರಲಿ ಅಂದರು, ಅಷ್ಟೆ.

ಕಣದಲ್ಲಿ ನಡೆಯುತ್ತಿದ್ದದ್ದು

ಕೊಳಗ ಅಂದರೆ ಈಗಿನವರಿಗೆ ಒಂದು ಹಳೇ ಸಾಮಾನು. ಆಗ ಅದೇ ತಕ್ಕಡಿ, ಅದೇ ನೋಟು, ಅದೇ ಕಾನೂನು. 20 ಕೊಳಗಕ್ಕೆ ಒಂದು ಖಂಡುಗ. ಗೇಣಿ ಇಷ್ಟು ಖಂಡುಗ ಅಂತ ಬಾಯಿಮಾತಿನಲ್ಲೇ ಗೊತ್ತಾಗಿರುತ್ತಿತ್ತು. ಆದರೆ ಕೊಳಗಕ್ಕೆ ಎಷ್ಟು ಸೇರು ಅನ್ನುವುದು ಸೀಮೆಯಿಂದ ಸೀಮೆಗೆ ಬೇರೆ. ಒಂದೇ ಊರಿನಲ್ಲೂ ಮನೆಯಿಂದ ಮನೆಗೆ ಹೆಚ್ಚುಕಡಿಮೆ ಆಗುತ್ತಿತ್ತು.

ಕೊಯ್ಲು, ಒಕ್ಕಲಾಟ ಮುಗಿದ ಮೇಲೆ ಕಣದಲ್ಲಿ ರಾಶಿ ಬೀಳುತ್ತದೆ. ಒಡೆಯರ ಕಡೆಯವರು ಬರುತ್ತಾರೆ, ಜೊತೆಗೆ ಅವರ ಮನೆ ಕೊಳಗವೂ ಬರುತ್ತದೆ. ಅಳೆಯುವಾಗ ಮೊದಲ ಕೊಳಗಕ್ಕೆ ‘ಒಂದು’ ಅನ್ನುವ ಪದ್ಧತಿ ನಮ್ಮಲ್ಲಿಲ್ಲ, ‘ಲಾಭ’ ಅನ್ನಬೇಕು. ಲಾಭ, ಎರಡು, ಮೂರು ಅಂತ ಎಣಿಕೆ ಸಾಗುತ್ತದೆ. ಅಳೆಯುವ ಕೈ ಒಡೆಯನ ಕಡೆಯದು, ಹಾಗಾಗಿ ಪ್ರತಿ ಕೊಳಗವೂ ಗೋಪುರದ ಹಾಗೆ ತುಂಬುತ್ತದೆ. ಅದೇ ಒಕ್ಕಲು, ಅಂದರೆ ಗೇಣಿಗೆ ಉಳುವವನು, ಮಳೆಗಾಲದಲ್ಲಿ ಊಟಕ್ಕಿಲ್ಲದೆ ಸಾಲದ ಭತ್ತ ಕೇಳಲು ಹೋದಾಗ ಕೊಳಗದ ಬಾಯಿ ಸಮ ಮಾಡಿ ಕೊಡುತ್ತಾರೆ. ಕೆಲವು ಮನೆಗಳಲ್ಲಿ ಇದಕ್ಕೆ ಬೇರೆ ಕೊಳಗವೇ ಇರುತ್ತಿತ್ತು. ಕೊಡುವುದಕ್ಕೊಂದು, ತೆಗೆದುಕೊಳ್ಳುವುದಕ್ಕೊಂದು. ಕೆಲವು ಮನೆಗಳಲ್ಲಿ ಅಂತ ಯಾರದೋ ಸುದ್ದಿಯ ಹಾಗೆ ಬರೆಯುತ್ತಿದ್ದೇನೆ. ನಮ್ಮ ಅಟ್ಟದ ಕಥೆ ಮೇಲೆ ಹೇಳಿದ್ದೇನಲ್ಲ.

ಒಂದು ಲೆಕ್ಕ ಹಾಕಿ ನೋಡಿ. ಕೊಳಗಕ್ಕೆ ಅರ್ಧ ಸೇರು ಹೆಚ್ಚು ಹೋಯಿತು ಅನ್ನೋಣ. ಖಂಡುಗಕ್ಕೆ 10 ಸೇರು. 15 ಖಂಡುಗ ಗೇಣಿ ಇದ್ದರೆ 150 ಸೇರು. ಒಂದು ಬಡ ಮನೆಗೆ ಆಷಾಢ ದಾಟಿಸುವಷ್ಟು ಭತ್ತ ಅದು. ಆ ಮನೆಯವರು ಅದನ್ನೇ ಆಷಾಢದಲ್ಲಿ ಸಾಲವಾಗಿ ತಂದು, ಸುಗ್ಗಿಯಲ್ಲಿ ಬಡ್ಡಿ ಸೇರಿಸಿ ದೊಡ್ಡ ಕೊಳಗದಲ್ಲಿ ತೀರಿಸುತ್ತಿದ್ದರು. ತನ್ನ ಭತ್ತಕ್ಕೆ ತಾನೇ ಬಡ್ಡಿ ಕಟ್ಟುವುದು ಅಂದರೆ ಇದೇ ಅಲ್ವಾ?

ಕೊಟ್ಟದ್ದಕ್ಕೆ ಚೀಟಿ ಇಲ್ಲ. ಒಡೆಯ ಬೇಕೆಂದಾಗ ಬಿಡಿಸಿಕೊಳ್ಳಬಹುದಾದ ಚಾಲಗೇಣಿ ಆದರಂತೂ ಮುಂದಿನ ವರ್ಷ ಗದ್ದೆ ಇವನಿಗೇ ಇರುತ್ತದೆ ಅನ್ನುವ ನಂಬಿಕೆಯೂ ಇಲ್ಲ. ಮೇಲಿಂದ ಬಿಟ್ಟಿ ಚಾಕರಿ. ಒಡೆಯರ ಮನೆಯ ಮದುವೆಗೆ ಚಪ್ಪರ ಹಾಕು, ಸೌದೆ ತಂದು ಹಾಕು, ಹಬ್ಬಕ್ಕೆ ಬಾಳೆಗೊನೆ, ತರಕಾರಿ ಮುಟ್ಟಿಸು.

ಯಾರು ಯಾರು

ಕಾಗದದ ಮೇಲೆ ಇದು ಭೂಮಾಲೀಕ ಮತ್ತು ಗೇಣಿದಾರರ ಜಗಳ. ಅಂಗಳದಲ್ಲಿ ನಿಂತು ನೋಡಿದರೆ ಜಾತಿ ಜಗಳ. ಕಾಗೋಡಿನ ಜಮೀನು ಒಡೆಯರ್ ಮನೆತನದ್ದು (ಮೈಸೂರು ಅರಸರಲ್ಲ), ಅವರು ಲಿಂಗಾಯತರು. ಗೇಣಿದಾರರು ಬಹುಪಾಲು ದೀವರು. ಹಳೇಪೈಕರು ಅಂತಲೂ ಕರೆಯುತ್ತಿದ್ದರು. ಹಿಂದೆ ಬಗನಿ ಮರದಿಂದ ಹೆಂಡ ಇಳಿಸುವುದು ಅವರ ಕಸುಬು. ಆಮೇಲೆ ನೇಗಿಲೇ ಬದುಕಾಯಿತು. ಸಾಗರ, ಸೊರಬ, ಹೊಸನಗರದ ಕಡೆ ಗದ್ದೆ ಉಳುವ ಕೈಗಳಲ್ಲಿ ಅವರದೇ ಜಾಸ್ತಿ. ಪಹಣಿಯಲ್ಲಿ ಮಾತ್ರ ಅವರ ಹೆಸರು ಹುಡುಕಿದರೂ ಸಿಗುತ್ತಿರಲಿಲ್ಲ.

ದೀವರಿಗೂ ಮಣ್ಣಿಗೂ ಇರುವ ನಂಟು ನೋಡಬೇಕಾದರೆ ಭೂಮಿ ಹುಣ್ಣಿಮೆಗೆ ಬರಬೇಕು. ಮನೆ ಹೆಂಗಸರು ವಾರ ಮೊದಲೇ ಬಿದಿರಿನ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿಹಿಟ್ಟಿನ ಬಣ್ಣದಲ್ಲಿ ಎಳೆ ಎಳೆಯಾಗಿ ಚಿತ್ತಾರ ಬರೆಯುತ್ತಾರೆ. ಅದು ಭೂಮಣ್ಣಿ ಬುಟ್ಟಿ. ತೆನೆ ಕಟ್ಟುವ ಗದ್ದೆ ಅವರಿಗೆ ಬಸುರಿ ಹೆಂಗಸು. ಬಸುರಿ ಬಯಕೆಗೆ ಏನೇನು ಬೇಕೋ ಎಲ್ಲ ಬೇಯಿಸಿ, ಬೆಳಗಿನ ಜಾವ ಕತ್ತಲಲ್ಲೇ ಗದ್ದೆಗೆ ಹೋಗಿ ‘ಅಚ್ಚಂಬಲಿ, ಹಾಲಂಬಲಿ’ ಅಂತ ಕೂಗಿ ಬೀರುತ್ತಾರೆ. ಸಣ್ಣವನಿದ್ದಾಗ ನಮ್ಮ ಒಕ್ಕಲು ಮನೆಯವರ ಹಿಂದೆ ದೊಂದಿ ಬೆಳಕಿನಲ್ಲಿ ನಾನೂ ಹೋಗಿದ್ದೇನೆ. ಆಗ ಗದ್ದೆ ಅವರದಾಗಿತ್ತು. ಅವರ ಅಜ್ಜಿ ಇದೇ ಗದ್ದೆಗೆ ಸೀಮಂತ ಮಾಡುವಾಗ ಅದು ನಮ್ಮದಾಗಿತ್ತು. ಬಯಕೆ ಊಟ ಇವರದು, ಹೆತ್ತದ್ದನ್ನು ಅಳೆದುಕೊಂಡು ಹೋಗುವ ಕೊಳಗ ನಮ್ಮದು.

ಒಡೆಯರ ಮನೆಯ ಜಗುಲಿ ಹತ್ತುವಂತಿಲ್ಲ, ಮೊಣಕಾಲು ದಾಟಿ ಪಂಚೆ ಬಿಡುವಂತಿಲ್ಲ ಅಂತ ಹಿರಿಯರು ಹೇಳುತ್ತಿದ್ದರು. ಮಾತಿನಲ್ಲೂ ಹಾಗೆಯೇ. ನಮ್ಮಜ್ಜ ಅಜ್ಜನ ವಯಸ್ಸಿನ ಒಕ್ಕಲಿಗೂ ‘ಏ, ಬಾರೋ’ ಅನ್ನುತ್ತಿದ್ದ. ಆತ ನಮ್ಮ ಐದು ವರ್ಷದ ಚಿಕ್ಕಪ್ಪನಿಗೂ ‘ಸಣ್ಣೊಡೇರು’ ಅನ್ನುತ್ತಿದ್ದ.

ಒಂದು ಎಚ್ಚರಿಕೆ ಬೇಕು. ಲಿಂಗಾಯತರೆಲ್ಲ ಒಡೆಯರು, ಬ್ರಾಹ್ಮಣರೆಲ್ಲ ಒಡೆಯರು ಅಂತ ಎಳೆದುಬಿಟ್ಟರೆ ಈ ಸೀಮೆಯ ಕಥೆ ಕೆಟ್ಟುಹೋಗುತ್ತದೆ. ಮಠ, ದೇವಸ್ಥಾನದ ಜಮೀನಿಗೆ ಗೇಣಿ ಕೊಡುತ್ತಿದ್ದ ಬಡ ಹವ್ಯಕರೂ ಇದ್ದರು. ಇನ್ನು ಸ್ವಲ್ಪ ಹಿಂದೆ ಹೋದರೆ ಚಿತ್ರವೇ ತಿರುಗುಮುರುಗು. 1830ರಲ್ಲಿ ಇದೇ ನಗರ (ಹಳೇ ಬಿದನೂರು) ಸೀಮೆಯ ರೈತರು ಕೂಟ ಸೇರಿ ಮೈಸೂರು ಅರಮನೆಯ ಅಮಲ್ದಾರರ ವಸೂಲಿಗೆ ಎದುರು ಬಿದ್ದರು. ಅದೇ ನಗರ ದಂಗೆ. ಆಗ ಮುಂದೆ ನಿಂತವರಲ್ಲಿ ಲಿಂಗಾಯತ ಗೌಡರೇ ಎದ್ದು ಕಾಣುತ್ತಾರೆ. ಬೂದಿ ಬಸವಪ್ಪ ನಾಯಕ ಅನ್ನುವವನು ಕೆಳದಿ ಗಾದಿಯ ವಾರಸುದಾರ ತಾನೇ ಅಂತ ಹೇಳಿಕೊಂಡು ಬಂದ. ಎದುರಿಗೆ ಇದ್ದವರು ಹೊರಗಿನಿಂದ ಬಂದ ಬ್ರಾಹ್ಮಣ ಅಧಿಕಾರಿಗಳು. ಆ ದಂಗೆಯ ನೆಪದಲ್ಲಿ ಬ್ರಿಟಿಷರು 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತ ಕಿತ್ತುಕೊಂಡರು. 1881ರವರೆಗೆ, ಅಂದರೆ 50 ವರ್ಷ, ರಾಜ್ಯ ಕಮಿಷನರ್‌ಗಳ ಕೈಯಲ್ಲಿತ್ತು. ಮಲೆನಾಡಿನ ವಸೂಲಿ ಜಗಳ ಇಡೀ ರಾಜ್ಯದ ಕೀಲಿಕೈಯನ್ನೇ ಬದಲಿಸಿತ್ತು. 120 ವರ್ಷ ಕಳೆದ ಮೇಲೆ ಅದೇ ಸೀಮೆಯಲ್ಲಿ ಕೊಳಗ ಹಿಡಿದವರ ಸಾಲಿನಲ್ಲಿ ಲಿಂಗಾಯತ ಒಡೆಯರು ಕಾಣುತ್ತಾರೆ. ಜಾತಿ ಅದೇ ಇದ್ದರೂ ಕಣದಲ್ಲಿ ನಿಂತ ಜಾಗ ಬೇರೆಯಾಗಿತ್ತು.

ಏಪ್ರಿಲ್ 18

ಎಚ್. ಗಣಪತಿಯಪ್ಪ ಅಂತ ಒಬ್ಬರು ಮೇಷ್ಟ್ರು. ದೀವರವರೇ. ಸ್ವಾತಂತ್ರ್ಯ ಚಳವಳಿಯ ಗಾಳಿ ಕುಡಿದವರು. 1948ರ ಹೊತ್ತಿಗೆ ಸಾಗರ ತಾಲ್ಲೂಕಿನಲ್ಲಿ ರೈತ ಸಂಘ ಕಟ್ಟಿದರು. ಹಳ್ಳಿ ಹಳ್ಳಿ ತಿರುಗಿ ಹೇಳಿದ್ದು ಸರಳ: ಸರ್ಕಾರದ ಅಳತೆ ಒಂದಿದೆ, ಅದರಲ್ಲೇ ಅಳೆಯಿರಿ, ಕೊಟ್ಟದ್ದಕ್ಕೆ ರಸೀದಿ ಕೇಳಿ, ಬಿಟ್ಟಿ ಮಾಡಬೇಡಿ. ಈ ಬೇಡಿಕೆಯಲ್ಲಿ ಕ್ರಾಂತಿಯ ವಾಸನೆಯೂ ಇಲ್ಲ. ತೂಕ ಅಳತೆ ಇಲಾಖೆಯ ಇನ್ಸ್‌ಪೆಕ್ಟರ್ ಕೂಡ ಇದನ್ನೇ ಹೇಳುತ್ತಿದ್ದನೇನೋ.

ನನ್ನ ಪ್ರಕಾರ ಅದರ ಬಲ ಇದ್ದದ್ದೇ ಅಲ್ಲಿ. ‘ಜಮೀನು ಯಾರದು’ ಅಂದರೆ ಒಡೆಯ ಕಾಗದ ತೆಗೆಯುತ್ತಾನೆ, ಅಲ್ಲಿಗೆ ಮಾತು ಮುಗಿಯಿತು. ‘ಈ ಕೊಳಗ ಎಷ್ಟು ಸೇರು’ ಅಂದರೆ ಏನು ತೆಗೆಯುತ್ತಾನೆ? ಓದು ಬರಹ ಇಲ್ಲದವನೂ ಕಣ್ಣಾರೆ ನೋಡಿ ಹೇಳಬಹುದಾದ ಮೋಸ ಅದು. ಆದರೆ ಒಡೆಯನ ಮಟ್ಟಿಗೆ ಅದು ಎರಡು ಬೊಗಸೆ ಭತ್ತದ ಪ್ರಶ್ನೆಯಾಗಿ ಉಳಿಯುವುದಿಲ್ಲ. ನಿನ್ನೆವರೆಗೂ ಅಂಗಳದ ಅಂಚಿನಲ್ಲಿ ನಿಂತವನು ಇವತ್ತು ನನ್ನ ಕೊಳಗ ಹಿಡಿದು ನೋಡುತ್ತಾನೆ ಅನ್ನುವುದೇ ಅವನಿಗೆ ತಡೆಯಲಾಗದ ಮಾತು. ಹಾಗಾಗಿ ಅರ್ಧ ಸೇರಿನಲ್ಲಿ ತೀರಬಹುದಾಗಿದ್ದ ಜಗಳ ಅಲ್ಲಿ ತೀರಲಿಲ್ಲ.

ಕಾಗೋಡಿನ ಗೇಣಿದಾರರು ದೊಡ್ಡ ಕೊಳಗಕ್ಕೆ ಒಪ್ಪಲಿಲ್ಲ. ಒಡೆಯರು ಉಳಲು ಜಮೀನು ಬಿಡಲಿಲ್ಲ. ಮಲೆನಾಡಿನಲ್ಲಿ ಯುಗಾದಿ ಕಳೆದು ಒಂದೆರಡು ಮಳೆ ಬಿದ್ದರೆ ಮಣ್ಣು ಸಡಿಲಾಗುತ್ತದೆ. ಆಗ ನೇಗಿಲು ಇಳಿಸಲಿಲ್ಲ ಅಂದರೆ ವರ್ಷದ ಅನ್ನ ಹೋದಂತೆ. 1951ರ ಏಪ್ರಿಲ್ 18ರಂದು ಗೇಣಿದಾರರು ನೇಗಿಲು ಹೊತ್ತು ತಾವು ಉಳುತ್ತಿದ್ದ ಗದ್ದೆಗೇ ಇಳಿದರು. ಪೊಲೀಸರು ಹಿಡಿದರು. ಮತ್ತೊಂದು ತಂಡ ಇಳಿಯಿತು. ಅವರನ್ನೂ ಹಿಡಿದರು. ಹೀಗೆ ದಿನ ದಿನವೂ. ಹೆಂಗಸರೂ ಇದ್ದರು. ಕೈಯಲ್ಲಿ ಕತ್ತಿ, ದೊಣ್ಣೆ ಇಲ್ಲ. ಉಳುಮೆ ಮಾಡುವುದೇ ಅಪರಾಧ. ಗಾಂಧಿ ಉಪ್ಪು ಮಾಡಿ ಜೈಲಿಗೆ ಹೋದ ಹಾಗೆ ಇವರು ಉತ್ತು ಜೈಲಿಗೆ ಹೋದರು. ಹಿಡಿಯುತ್ತಿದ್ದದ್ದು ಮಾತ್ರ ಆ ಗಾಂಧಿಯ ಹೆಸರು ಹೇಳುವ ಕಾಂಗ್ರೆಸ್ ಸರ್ಕಾರದ ಪೊಲೀಸರು. ಆಗ ಮೈಸೂರಿನ ಮುಖ್ಯಮಂತ್ರಿ ಕೆ.ಸಿ. ರೆಡ್ಡಿ.

ಸಮಾಜವಾದಿಗಳು ಬಂದದ್ದು ಆಮೇಲೆ. ಶಾಂತವೇರಿ ಗೋಪಾಲಗೌಡರಿಗೆ ಆಗ 28 ವರ್ಷ. ತೀರ್ಥಹಳ್ಳಿ ಕಡೆಯ ಒಕ್ಕಲಿಗರು, ಹಣ ಇಲ್ಲದ ಮನೆ, ಮಾತಿಗೆ ನಿಂತರೆ ಜನ ಅಲುಗಾಡುತ್ತಿರಲಿಲ್ಲ. ಲಿಂಗಾಯತ ಒಡೆಯ, ದೀವರ ಗೇಣಿದಾರ, ನಡುವೆ ಒಕ್ಕಲಿಗ ನಾಯಕ. ಹೀಗೆ ಮೂರನೆಯ ಜಾತಿಯವನೊಬ್ಬ ಮುಂದೆ ನಿಂತದ್ದರಿಂದ ಜಗಳ ‘ಅವರ ಜಾತಿ, ಇವರ ಜಾತಿ’ ಅನ್ನುವ ಹಳ್ಳಕ್ಕೆ ಪೂರ್ತಿ ಬೀಳಲಿಲ್ಲ ಅಂತ ನನಗೆ ಅನಿಸುತ್ತದೆ. ಜೂನ್ ತಿಂಗಳಲ್ಲಿ ಸಮಾಜವಾದಿಗಳ ನಾಯಕ ರಾಮಮನೋಹರ ಲೋಹಿಯಾ ಬಂದರು. ಅವರನ್ನೂ ಬಂಧಿಸಿದರು. ದೇಶದ ಪತ್ರಿಕೆಗಳಲ್ಲಿ ಕಾಗೋಡಿನ ಹೆಸರು ಬಂದದ್ದು ಆಗ. ಜೈಲಿಗೆ ಹೋದ ನೂರಾರು ಗೇಣಿದಾರರಿಗಿಂತ ಒಬ್ಬ ಲೋಹಿಯಾ ಪತ್ರಿಕೆಗೆ ದೊಡ್ಡ ಸುದ್ದಿ. ಇದು ಆಗಲೂ ಹಾಗೆ, ಈಗಲೂ ಹಾಗೆ.

ಮಳೆ ಹಿಡಿಯಿತು. ಸತ್ಯಾಗ್ರಹ ಸೊರಗಿತು. ಯಾರ ಕೈಗೂ ಪಹಣಿ ಬರಲಿಲ್ಲ. ಆ ವರ್ಷ ಕಾಗೋಡಿನಲ್ಲಿ ಗೆದ್ದವರು ಯಾರು ಅಂತ ಕೇಳಿದರೆ, ನೇರ ಉತ್ತರ: ಒಡೆಯರು.

ಆರು ತಿಂಗಳ ನಂತರ

ಆದರೆ 1952ರ ಶುರುವಿಗೆ ಚುನಾವಣೆ ಬಂತು. ಇದರ ತೂಕ ತಿಳಿಯಬೇಕಾದರೆ ಹಿಂದಿನ ಪದ್ಧತಿ ನೆನಪಿರಬೇಕು. ಮಹಾರಾಜರ ಕಾಲದ ಪ್ರಜಾಪ್ರತಿನಿಧಿ ಸಭೆಗೆ ಮತ ಹಾಕಲು ಕಂದಾಯ ಕಟ್ಟುವ ಆಸ್ತಿಯೋ, ಓದೋ ಇರಬೇಕಿತ್ತು. ಗದ್ದೆ ಉಳುವವನು ಗೇಣಿ ಕೊಡುತ್ತಾನೆಯೇ ಹೊರತು ಕಂದಾಯ ಕಟ್ಟುವುದಿಲ್ಲ. ಕಂದಾಯದ ರಸೀದಿ ಇರುವುದು ಒಡೆಯನ ಪೆಟ್ಟಿಗೆಯಲ್ಲಿ. ಹಾಗಾಗಿ ಮತವೂ ಒಡೆಯನದೇ. 1952ರಲ್ಲಿ ಮೊದಲ ಬಾರಿಗೆ ಎಲ್ಲರಿಗೂ ಒಂದೊಂದು ವೋಟು. ಒಡೆಯನ ವೋಟಿಗೆ ದೊಡ್ಡ ಕೊಳಗ, ಒಕ್ಕಲಿನ ವೋಟಿಗೆ ಚಿಕ್ಕ ಕೊಳಗ ಅಂತ ಇಲ್ಲ. ಸಾಗರ ಹೊಸನಗರ ಕಡೆಯ ಕ್ಷೇತ್ರದಲ್ಲಿ ಗೋಪಾಲಗೌಡರು ಕಾಂಗ್ರೆಸ್ಸಿನ ಎದುರು ಗೆದ್ದು ವಿಧಾನಸಭೆಗೆ ಹೋದರು.

ಅದೇ 1952ರಲ್ಲಿ ಮೈಸೂರು ಗೇಣಿ ಶಾಸನ ಬಂತು. ಕಂದಾಯ ಮಂತ್ರಿಯಾಗಿದ್ದವರು ತೀರ್ಥಹಳ್ಳಿಯವರೇ ಆದ ಕಡಿದಾಳ್ ಮಂಜಪ್ಪ. ಕಾಂಗ್ರೆಸ್ಸಿನವರು, ಗೋಪಾಲಗೌಡರ ಎದುರು ಪಾಳಯ. ಗದ್ದೆಗೆ ಇಳಿದವರನ್ನು ಜೈಲಿಗೆ ಹಾಕಿದ ಪಕ್ಷವೇ ಗೇಣಿಗೆ ಕಾನೂನಿನ ಬೇಲಿ ಹಾಕಲು ಶುರು ಮಾಡಿತು.

ಬೇಲಿಗೆ ಕಂಡಿಗಳು ಬೇಕಾದಷ್ಟಿದ್ದವು. ‘ಸ್ವಂತ ಸಾಗುವಳಿ ಮಾಡುತ್ತೇನೆ’ ಅಂತ ಗದ್ದೆ ಬಿಡಿಸಿಕೊಳ್ಳುವುದು ಒಂದು ದಾರಿ. ಒಕ್ಕಲನ್ನು ವರ್ಷ ವರ್ಷವೂ ಬದಲಿಸುವುದು ಇನ್ನೊಂದು. ಶಾನುಭೋಗರ ಹತ್ತಿರ ಹೇಳಿ ಸಾಗುವಳಿದಾರನ ಕಾಲಂನಲ್ಲೂ ತನ್ನದೇ ಹೆಸರು ಬರೆಸಿಕೊಳ್ಳುವುದು ಮೂರನೆಯದು. ಕೊಳಗ ಕೈಯಿಂದ ಹೋದರೆ ಪೆನ್ನು ಇತ್ತಲ್ಲ. ನಮ್ಮಜ್ಜನೂ ಒಮ್ಮೆ ‘ಈ ಗದ್ದೆ ಬಿಡು, ಆಚೆ ಹಕ್ಕಲು ಕೊಡ್ತೇನೆ’ ಅಂತ ನೋಡಿದನಂತೆ. ಒಕ್ಕಲು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮರುದಿನ ಬೆಳಿಗ್ಗೆ ಅದೇ ಗದ್ದೆಯಲ್ಲಿ ಅಂಚು ಕಡಿಯುತ್ತಿದ್ದನಂತೆ. ಕಾಗೋಡಿನ ಸುದ್ದಿ ಅವನ ಕಿವಿಗೂ ಬಿದ್ದಿತ್ತು ಅಂತ ಅಪ್ಪ ಹೇಳುತ್ತಿದ್ದರು.

ಫಾರಂ ನಂಬರ್ 7

1961ರಲ್ಲಿ ಭೂಸುಧಾರಣಾ ಕಾಯ್ದೆ ಆಯಿತು, ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ಕ್ಕೆ. ಅದರಿಂದ ಆದದ್ದು ಅಷ್ಟಕ್ಕಷ್ಟೆ. ನಿಜವಾದ ಏಟು ಬಿದ್ದದ್ದು ದೇವರಾಜ ಅರಸರ ತಿದ್ದುಪಡಿಯಲ್ಲಿ. 1974ರ ಮಾರ್ಚ್ 1ಕ್ಕೆ ಗೇಣಿಯಲ್ಲಿದ್ದ ಜಮೀನೆಲ್ಲ ಸರ್ಕಾರದ್ದು ಅಂತಾಯಿತು. ಉಳುತ್ತಿದ್ದವನು ಫಾರಂ ನಂಬರ್ 7 ತುಂಬಿ ಕೊಡಬೇಕು. ಊರ ಬಾಯಲ್ಲಿ ಇದೇ ‘ಡಿಕ್ಲೇರೇಶನ್ ಹಾಕೋದು’. ಅರ್ಜಿಗೆ ಕೊನೇ ದಿನ ಮುಂದೆ ಹೋಗಿ ಹೋಗಿ 1979ರ ಜೂನ್ 30ಕ್ಕೆ ನಿಂತಿತು.

ತೀರ್ಮಾನ ಭೂನ್ಯಾಯ ಮಂಡಳಿಯದು. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷ, ಜೊತೆಗೆ ಸರ್ಕಾರ ನೇಮಿಸಿದ ನಾಲ್ವರು. ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ಮೊದಲಿಗೆ ಅಲ್ಲಿ ವಕೀಲರಿಗೆ ಪ್ರವೇಶ ಇರಲಿಲ್ಲ. ಈ ಒಂದು ಸಾಲನ್ನು ಕಾಯ್ದೆಗೆ ಸೇರಿಸಿದವರಿಗೆ ಊರು ಗೊತ್ತಿತ್ತು. ವಕೀಲ ಬಂದರೆ ಕಾಗದದ ಮಾತು, ಕಾಗದ ಒಡೆಯನ ಹತ್ತಿರ. ವಕೀಲ ಇಲ್ಲದಿದ್ದರೆ ಊರಿನ ಮಾತು.

ನಮ್ಮ ಗದ್ದೆಯ ವಿಚಾರಣೆ ಶಾಲೆ ಜಗುಲಿಯಲ್ಲಿ ನಡೆಯಿತಂತೆ. ಅಪ್ಪ ಎಷ್ಟೋ ಸಲ ಹೇಳಿದ್ದಾರೆ. ಅಜ್ಜ ಬೆಂಚಿನ ಮೇಲೆ, ಒಕ್ಕಲು ನೆಲದ ಮೇಲೆ. ಅಧಿಕಾರಿ ಬಂದವರೇ ‘ನೀವೂ ಬೆಂಚಿನ ಮೇಲೆ ಕೂತ್ಕೊಳ್ಳಿ’ ಅಂದರು. ಆತ ಅಜ್ಜನ ಮುಖ ನೋಡಿದ. ಅಜ್ಜ ಕಿಟಕಿ ಕಡೆ ನೋಡಿದ. ಕೊನೆಗೆ ಆತ ಬೆಂಚಿನ ಇನ್ನೊಂದು ತುದಿಯಲ್ಲಿ ಅರ್ಧ ಕೂತ. ರಸೀದಿ ಒಂದೂ ಇರಲಿಲ್ಲ. ‘ಎಷ್ಟು ವರ್ಷದಿಂದ ಉಳ್ತಾ ಇದೀರಿ’ ಅಂತ ಕೇಳಿದ್ದಕ್ಕೆ ಆತ ವರ್ಷ ಹೇಳಲಿಲ್ಲ. ಯಾವ ಗದ್ದೆಯಲ್ಲಿ ಎಲ್ಲಿ ಒರತೆ ಇದೆ, ಯಾವ ಅಂಚು ಪ್ರತಿ ಶ್ರಾವಣದಲ್ಲಿ ಕುಸಿಯುತ್ತದೆ, ಯಾವ ಮೂಲೆಗೆ ಹಂದಿ ಬರುತ್ತದೆ ಅಂತ ಹೇಳುತ್ತಾ ಹೋದ. ಅಧಿಕಾರಿ ಅಜ್ಜನ ಕಡೆ ತಿರುಗಿ ‘ಇದರಲ್ಲಿ ಏನಾದರೂ ತಪ್ಪಿದೆಯಾ?’ ಅಂದರು. ಅಜ್ಜನಿಗೆ ಆ ಗದ್ದೆಯ ಒರತೆ ಗೊತ್ತಿರಲಿಲ್ಲ.

ನಮ್ಮ ಮನೆಗೆ ಅನ್ಯಾಯ ಆಯಿತಾ? ಸಣ್ಣವನಿದ್ದಾಗ ಹೌದು ಅಂತಲೇ ನಂಬಿದ್ದೆ. ತೋಟ ಉಳಿಯಿತು, ಅಡಿಕೆಗೆ ದರ ಬಂತು, ಚಿಕ್ಕಪ್ಪಂದಿರು ಓದಿ ಬೆಂಗಳೂರು ಸೇರಿದರು. ಎಲ್ಲ ಕಡೆ ಹೀಗಾಗಲಿಲ್ಲ, ಅದನ್ನೂ ಹೇಳಬೇಕು. ಎರಡು ಎಕರೆಯನ್ನೇ ಗೇಣಿಗೆ ಕೊಟ್ಟು ಅದರಲ್ಲೇ ಜೀವ ಹಿಡಿದಿದ್ದ ವಿಧವೆಯರಿದ್ದರು. ಕಾಯ್ದೆಗೆ ದೊಡ್ಡ ಒಡೆಯ, ಬಡ ಒಡತಿ ಅನ್ನುವ ಭೇದ ಮಾಡಲು ಬರಲಿಲ್ಲ.

ಗೋಪಾಲಗೌಡರು ಇದನ್ನು ನೋಡಲಿಲ್ಲ. 1972ರ ಜೂನ್ 9ಕ್ಕೆ ತೀರಿಕೊಂಡರು, 50 ತುಂಬುವ ಮೊದಲೇ. ಅವರ ಜೊತೆ ಬೆಳೆದವರು ಮಾತ್ರ ಮುಂದೆ ರಾಜ್ಯದ ತುಂಬ ಕಾಣಿಸಿದರು. ಸೊರಬದ ಎಸ್. ಬಂಗಾರಪ್ಪ 1990ರಲ್ಲಿ ಮುಖ್ಯಮಂತ್ರಿಯಾದರು, ದೀವರವರು. ಚನ್ನಗಿರಿ ಕಡೆಯ ಜೆ.ಎಚ್. ಪಟೇಲರು 1996ರಲ್ಲಿ ಆದರು, ಲಿಂಗಾಯತರು. ಕಾಗೋಡು ಊರಿನಲ್ಲೇ ಹುಟ್ಟಿದ ಕಾಗೋಡು ತಿಮ್ಮಪ್ಪ 1972ರಲ್ಲಿ ಸಾಗರದಿಂದ ಗೆದ್ದು, ಮುಂದೆ ವಿಧಾನಸಭೆಯ ಸ್ಪೀಕರ್ ಆದರು, ಕಂದಾಯ ಮಂತ್ರಿಯಾದರು. ಕೊಳಗಕ್ಕೆ ತಲೆಬಾಗಿದ್ದ ಊರಿನ ಹುಡುಗ ಇಡೀ ರಾಜ್ಯದ ಪಹಣಿಯ ಮೇಲೆ ಕೂತ ಹಾಗಾಯಿತು.

ಕಾಲಂ ಇಲ್ಲದವರು

ಇಲ್ಲಿಗೆ ನಿಲ್ಲಿಸಿದರೆ ಇದು ಸಿಹಿ ಕಥೆ. ಆದರೆ ಫಾರಂ 7ರಲ್ಲಿ ಒಂದು ಕೊರತೆ ಇತ್ತು. ಅದು ಗೇಣಿದಾರನಿಗಾಗಿ ಮಾಡಿದ ಫಾರಂ. ಕೂಲಿಯವನಿಗೆ ಅದರಲ್ಲಿ ಕಾಲಂ ಇರಲಿಲ್ಲ. ಒಡೆಯ ಗದ್ದೆಯನ್ನು ಗೇಣಿಗೆ ಕೊಡಬೇಕಾದರೂ ಎತ್ತು, ನೇಗಿಲು, ಅಷ್ಟಿಷ್ಟು ಬೀಜ ಇರುವ ಮನೆ ನೋಡಿ ಕೊಡುತ್ತಿದ್ದ. ಮಲೆನಾಡಿನ ದಲಿತರಿಗೆ, ಹಸಲರೆಂಬ ಬುಡಕಟ್ಟಿನವರಿಗೆ ಬಹುಪಾಲು ಅದು ಇರಲಿಲ್ಲ. ಅವರಿಗೆ ಇದ್ದದ್ದು ಕೂಲಿ, ಇಲ್ಲದಿದ್ದರೆ ಸಾಲಕ್ಕೆ ಜೀತ. ನೆಟ್ಟವರು, ಕೊಯ್ದವರು ಅವರೇ. ‘ಉಳುವವನೇ ಹೊಲದೊಡೆಯ’ ಅನ್ನುವ ಘೋಷಣೆಯಲ್ಲಿ ಉಳುವವನು ಅಂದರೆ ನೇಗಿಲ ಮೇಳಿ ಹಿಡಿದವನು. ಸಸಿ ನೆಟ್ಟವಳು ಅದರಲ್ಲಿ ಎಲ್ಲಿದ್ದಾಳೆ? ಅದೇ 70ರ ದಶಕದಲ್ಲಿ ಭದ್ರಾವತಿಯಲ್ಲಿ ಬಿ. ಕೃಷ್ಣಪ್ಪ ಮತ್ತು ಗೆಳೆಯರು ದಲಿತ ಸಂಘರ್ಷ ಸಮಿತಿ ಕಟ್ಟಿದರು. ಅದು ಬೇರೆ ದಾರಿ ಹಿಡಿದದ್ದಕ್ಕೆ ಕಾರಣ ಹುಡುಕುವವರು ಈ ಫಾರಂ ಅನ್ನೂ ಒಮ್ಮೆ ನೋಡಬೇಕು.

ಇನ್ನೊಂದು ಗುಂಪು ಇದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಸಾಗರ, ಹೊಸನಗರದ ಶರಾವತಿ ದಂಡೆಯ ಊರು ಊರೇ ಮುಳುಗಿದವು. ಪರಿಹಾರ ದಾಖಲೆಯಲ್ಲಿ ಹೆಸರಿದ್ದವರಿಗೆ. ಗೇಣಿದಾರ ಪಾತ್ರೆ ಪಗಡಿ ಲಾರಿಗೆ ಹಾಕಿಕೊಂಡು ಶಿವಮೊಗ್ಗ ಕಡೆಯ ಕಾಡಿಗೆ ಹೋದ. 1974ರ ಕಾಯ್ದೆ ಬರುವಾಗ ಅವನು ಉತ್ತ ಗದ್ದೆ ನೀರಿನ ಕೆಳಗೆ ಹತ್ತು ವರ್ಷ ಕಳೆದಿತ್ತು. ಡಿಕ್ಲೇರೇಶನ್ ಯಾವುದಕ್ಕೆ ಹಾಕುವುದು? ಅವರು ಕಾಡು ಕಡಿದು ಮಾಡಿಕೊಂಡ ಜಮೀನಿನ ಹಕ್ಕುಪತ್ರದ ಜಗಳ ಇವತ್ತಿಗೂ ಕೋರ್ಟು, ಅರಣ್ಯ ಇಲಾಖೆ ಅಂತ ತಿರುಗುತ್ತಲೇ ಇದೆ. ಬಗರ್‌ಹುಕುಂ (ಮಂಜೂರಾತಿ ಇಲ್ಲದೆ ಮಾಡಿದ ಸರ್ಕಾರಿ ಜಮೀನಿನ ಸಾಗುವಳಿ) ಅಂತ ಫಾರಂ 50 ಬಂತು, 53 ಬಂತು, 57 ಬಂತು. ಸಾಗರದ ತಾಲ್ಲೂಕು ಆಫೀಸಿನ ಮುಂದೆ ಪ್ಲಾಸ್ಟಿಕ್ ಕವರಿನಲ್ಲಿ ಕಾಗದ ಹಿಡಿದು ನಿಂತವರನ್ನು ನೋಡಿದಾಗೆಲ್ಲ ನನಗೆ ಈ ನಂಬರುಗಳೇ ನೆನಪಾಗುತ್ತವೆ. ಕಾಗೋಡು ತಿಮ್ಮಪ್ಪನವರು ಕಂದಾಯ ಮಂತ್ರಿಯಾಗಿದ್ದಾಗ ‘ವಾಸಿಸುವವನೇ ಮನೆಯ ಒಡೆಯ’ ಅಂತ ಇನ್ನೊಂದು ತಿದ್ದುಪಡಿ ಬಂತು. ಬೇರೆಯವರ ಜಮೀನಿನಲ್ಲಿ ಗುಡಿಸಲು ಕಟ್ಟಿಕೊಂಡ ಹಾಡಿ, ಹಟ್ಟಿ, ತಾಂಡಾಗಳಿಗಾಗಿ. ಹಳೇ ಘೋಷಣೆಯಲ್ಲಿ ಬಿಟ್ಟುಹೋದವರನ್ನು ನೆನೆದೇ ಈ ಹೊಸ ಘೋಷಣೆ ಮಾಡಿದಂತಿತ್ತು.

ನಮ್ಮ ಹಳೇ ಗದ್ದೆಯಲ್ಲಿ ಈಗ ಭತ್ತ ಇಲ್ಲ. ಅಡಿಕೆ ಇದೆ. ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗೌಡ ಹೊರಗಿನಿಂದ ಬರುತ್ತಾನೆ, ಅಡಿಕೆ ಸುಲಿಯಲು ಬರುವ ಹೆಂಗಸರು ದರ ಡಬ್ಬಿಗೆ ಇಷ್ಟು ಅಂತ ಮಾತಾಡಿಕೊಂಡೇ ಕೂರುತ್ತಾರೆ. ಈ ಸಲ ಆ ಡಬ್ಬಿ ದೊಡ್ಡದಾಯಿತು ಅಂತ ಅವರಿಗೂ ಗದ್ದೆಯ ಯಜಮಾನರಿಗೂ ಸಣ್ಣ ತಕರಾರು ನಡೆಯಿತು. ಯಜಮಾನರು ಅಂದರೆ ನಮ್ಮ ಹಳೇ ಒಕ್ಕಲಿನ ಮಗ. ನನಗಿಂತ ಹತ್ತು ವರ್ಷ ದೊಡ್ಡವರು. ನಾನು ಅವರನ್ನು ‘ನಾಯ್ಕರೇ’ ಅನ್ನುತ್ತೇನೆ, ಅವರು ನನ್ನನ್ನು ‘ಹೆಗಡೇರೇ’ ಅನ್ನುತ್ತಾರೆ. ನಮ್ಮಪ್ಪ ಕೊನೆವರೆಗೂ ಅವರಿಗೆ ‘ನೀನು’ ಅನ್ನುತ್ತಿದ್ದರು. ಅವರು ಅಪ್ಪನಿಗೆ ಕೊನೆವರೆಗೂ ‘ಒಡೇರೇ’ ಅನ್ನಲೇ ಇಲ್ಲ, ಏನೂ ಅನ್ನದೆ ಮಾತು ಸಾಗಿಸುತ್ತಿದ್ದರು.

ಅಕ್ಕಿ ಚೆಲ್ಲಿದ ದಿನ ಸಂಜೆ ಅವರು ಬಂದರು. ಜಗುಲಿಯ ಮೇಲೆ ಎರಡೂ ಕೊಳಗ ಇದ್ದವು. ಚಾ ಕುಡಿಯುತ್ತಾ ಪಟ್ಟಿ ಇದ್ದ ಕೊಳಗವನ್ನು ಎತ್ತಿ ತೊಡೆ ಮೇಲೆ ಇಟ್ಟುಕೊಂಡರು. ಬಾಯಿಯ ಸುತ್ತ ಹೆಬ್ಬೆರಳು ಆಡಿಸಿದರು. ಆಮೇಲೆ ನಾನು ಇಷ್ಟು ವರ್ಷ ನೋಡದೇ ಇದ್ದ ಒಂದು ಜಾಗ ತೋರಿಸಿದರು. ಮರ ಮುಗಿದ ಮೇಲೂ ಪಟ್ಟಿ ಒಂದು ಬೆರಳು ಮೇಲಕ್ಕೆ ಎದ್ದು ನಿಂತಿತ್ತು.

‘ನಮ್ಮಪ್ಪ ಈ ಪಟ್ಟಿಗೊಂದು ಹೆಸರಿಟ್ಟಿದ್ದ ಹೆಗಡೇರೇ.’

‘ಎಂತದು?’

‘ಬ್ಯಾಡ ಬಿಡಿ ಮಾರಾಯ್ರೇ. ಮನೇಲಿ ಹೆಂಗಸ್ರು ಇದಾರೆ’ ಅಂತ ನಕ್ಕು, ಚಾ ಲೋಟ ಕೆಳಗಿಟ್ಟು, ಕೊಳಗವನ್ನು ಇದ್ದ ಜಾಗದಲ್ಲೇ ಇಟ್ಟರು.